ಅರಿಶಿನ, ಸುಣ್ಣ ಮತ್ತು ನಮ್ಮ ಬಾವುಟ

ಮದ್ದೂರು ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ವಡೆ ನೆನಪಾಗುತ್ತೆ. ಮದ್ದೂರಿಗೆ ಅಂಟಿಕೊಂಡೇ ಇರುವ ಶಿವಪುರ ನೆನಪಾಗೋದು ಕಡಿಮೆ. ಎಕ್ಸ್‌ಪ್ರೆಸ್‌ವೇ ಬಂದಮೇಲಂತೂ ಮದ್ದೂರೇ ಬದಿಗೆ ಸರಿದುಬಿಟ್ಟಿದೆ. ಆದರೆ 1938ರ ಏಪ್ರಿಲ್‌ನಲ್ಲಿ ಇಡೀ ಮೈಸೂರು ಸಂಸ್ಥಾನ ಶಿವಪುರದ ಕಡೆ ನೋಡುತ್ತಿತ್ತು, ಅದೂ ಒಂದು ತುಂಡು ಬಣ್ಣದ ಬಟ್ಟೆಗಾಗಿ. ಚರಕದ ಗುರುತಿದ್ದ ಕಾಂಗ್ರೆಸ್ ಬಾವುಟ ಹಾರಿಸಕೂಡದು ಅಂತ ನಿಷೇಧವಿತ್ತು. ಏಪ್ರಿಲ್ 11ರಂದು ಟಿ. ಸಿದ್ದಲಿಂಗಯ್ಯನವರು ಅದನ್ನು ಹಾರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿತು.

ಆ ಬಾವುಟ ಖಾದಿಯದ್ದು. ಯಾರೋ ನೂತು, ಯಾರೋ ನೇಯ್ದು, ಯಾರೋ ಬಣ್ಣ ಕಟ್ಟಿದ ಬಟ್ಟೆ. ಸ್ವಾತಂತ್ರ್ಯ ಬಂದಮೇಲೆ ಭಾರತದ ಮಾನಕ ಸಂಸ್ಥೆ ಮೊದಲ ನಂಬರ್ ಕೊಟ್ಟಿದ್ದೂ ಬಾವುಟಕ್ಕೇ: ಐಎಸ್ 1, ವರ್ಷ 1951. ಎಳೆ ಎಷ್ಟಿರಬೇಕು, ಬಣ್ಣದ ಛಾಯೆ ಯಾವುದು, ಬಿಸಿಲಿಗೆ ನೀರಿಗೆ ಅದು ಎಷ್ಟು ತಡೆಯಬೇಕು ಅಂತೆಲ್ಲ ಬರೆದಿಟ್ಟ ಪಕ್ಕಾ ಇಂಜಿನಿಯರಿಂಗ್ ದಾಖಲೆ ಅದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇವತ್ತಿಗೂ ಈ ಅಳತೆಗೆ ಸರಿಯಾಗಿ ಬಾವುಟ ತಯಾರಾಗುತ್ತೆ. ಆದರೆ 2021ರ ಡಿಸೆಂಬರ್ 30ರ ತಿದ್ದುಪಡಿ ಪಾಲಿಯೆಸ್ಟರ್ ಬಾವುಟಕ್ಕೂ, ಯಂತ್ರದಲ್ಲಿ ಮಾಡಿದ್ದಕ್ಕೂ ಒಪ್ಪಿಗೆ ಕೊಟ್ಟಿತು. ಬೆಂಗೇರಿಯವರು ಪ್ರತಿಭಟಿಸಿದರು. ನಾವು ಆನ್‌ಲೈನಲ್ಲಿ ಅಗ್ಗದ ಬಾವುಟ ಆರ್ಡರ್ ಮಾಡಿದೆವು.

ಪಾಲಿಯೆಸ್ಟರ್ ಪಾಪದ್ದು ಅಂತ ನಾನು ಹೇಳ್ತಿಲ್ಲ. ಎಲ್ಲರ ಮನೆ ಮೇಲೂ ಬಾವುಟ ಹಾರಬೇಕು ಅನ್ನೋದಾದ್ರೆ ಬೆಲೆ ಇಳಿಯಲೇಬೇಕು, ಆ ವಾದದಲ್ಲಿ ಹುರುಳಿದೆ. ನನ್ನ ತಕರಾರು ಬೇರೆ. ಬಣ್ಣ ಅನ್ನೋದು ನಮಗೆ ಪರದೆ ಮೇಲಿನ ಆರಂಕಿಯ ಕೋಡ್ ಆಗಿ ಉಳಿದಿದೆ. ಅದು ಎಲ್ಲಿಂದ ಬರುತ್ತೆ, ಬಟ್ಟೆಗೆ ಯಾಕೆ ಅಂಟುತ್ತೆ, ಯಾಕೆ ಬಿಟ್ಟುಹೋಗುತ್ತೆ ಅಂತ ಕೇಳಿದ್ರೆ ಕೆಮಿಕಲ್ ಬ್ರ್ಯಾಂಚಿನವರೂ ಒಂದು ಕ್ಷಣ ತಡವರಿಸ್ತಾರೆ. ಹಾಗಾಗಿ ಈ ರಾಜ್ಯೋತ್ಸವಕ್ಕೆ ನಮ್ಮ ಸಂಘ ಬಾವುಟವನ್ನು ಕೊಳ್ಳಬಾರದು, ಬಣ್ಣ ಹಾಕಿ ಮಾಡಬೇಕು ಅನ್ನೋದು ನನ್ನ ವಾದ.

ಮ. ರಾಮಮೂರ್ತಿಯವರು ಕೊಟ್ಟ ಹಳದಿ-ಕೆಂಪು ಬಾವುಟವನ್ನು ನಾವು ಅರಿಶಿನ-ಕುಂಕುಮ ಅಂತೀವಿ. ಆ ಮಾತಿನೊಳಗೆ ಒಂದು ಪ್ರಯೋಗವೇ ಅಡಗಿದೆ. ಆರತಿಗೆ ಓಕುಳಿ ಕಲಸೋದನ್ನ ನೋಡಿರ್ತೀರಿ: ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದ ತಕ್ಷಣ ಕೆಂಪು. ಕುಂಕುಮ ಹುಟ್ಟೋದೂ ಇದೇ ಗುಟ್ಟಿನಿಂದ. ಅರಿಶಿನದ ಕರ್ಕ್ಯುಮಿನ್ ಪಿಎಚ್ ಏರಿದಾಗ ಬಣ್ಣ ಬದಲಿಸುತ್ತೆ. ಅಂದ್ರೆ ನಮ್ಮ ಬಾವುಟದ ಎರಡೂ ಬಣ್ಣ ಒಂದೇ ಕೊಂಬಿನಲ್ಲಿವೆ! ಆದರೆ ಆ ಕೆಂಪು ನಿಲ್ಲೋದಿಲ್ಲ. ಹುಳಿ ತಾಗಿದ್ರೆ ಮತ್ತೆ ಹಳದಿ, ನಾಲ್ಕು ದಿನ ಬಿಸಿಲಿಗೆ ಇಟ್ರೆ ಹಳದಿಯೂ ಪೇಲವ. ನಿಲ್ಲುವ ಕೆಂಪು ಬೇಕಿದ್ದರೆ ಮಂಜಿಷ್ಠದ ಬೇರಿಗೆ ಹೋಗಬೇಕು, ನಿಲ್ಲುವ ಹಳದಿಗೆ ದಾಳಿಂಬೆ ಸಿಪ್ಪೆಗೆ. ಅದಕ್ಕೂ ಮೊದಲು ಬಟ್ಟೆಯನ್ನು ಅಳಲೆಕಾಯಿ ನೀರಲ್ಲಿ ನೆನೆಸಿ, ಆಮೇಲೆ ಪಟಿಕದ ನೀರಲ್ಲಿ ಅದ್ದಬೇಕು. ಹತ್ತಿಗೂ ಬಣ್ಣಕ್ಕೂ ನೇರವಾಗಿ ಅಷ್ಟು ಸ್ನೇಹವಿಲ್ಲ, ಪಟಿಕದ ಅಲ್ಯುಮಿನಿಯಂ ನಡುವೆ ನಿಂತು ಸಂಬಂಧ ಕುದುರಿಸುತ್ತೆ.

ನನಗೆ ತುಂಬಾ ಇಷ್ಟವಾದದ್ದು ಕಪ್ಪು. ಕಲಂಕಾರಿಯವರು ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಲ್ಲಿ ಮುಳುಗಿಸಿ ವಾರಗಟ್ಟಲೆ ಹುಳಿಬರಿಸ್ತಾರೆ. ಹುಳಿಯ ಆಮ್ಲಕ್ಕೆ ಕಬ್ಬಿಣ ಕರಗುತ್ತೆ. ಆ ನೀರು ಅಳಲೆಕಾಯಿಯ ಟ್ಯಾನಿನ್‌ಗೆ ತಾಗಿದ ಕೂಡಲೇ ಬಟ್ಟೆ ಕಣ್ಣೆದುರೇ ಕಪ್ಪಾಗುತ್ತೆ. ಮಂಡ್ಯದ ಬೆಲ್ಲ, ವರ್ಕ್‌ಶಾಪಿನ ಗುಜರಿ. ಇನ್ನೇನು ಬೇಕು? (ಕಬ್ಬಿಣ ಜಾಸ್ತಿಯಾದ್ರೆ ಬಟ್ಟೆ ಹಪ್ಪಳದ ಹಾಗೆ ಮುರಿಯುತ್ತೆ, ಅಲ್ಲೂ ಅಳತೆ ಬೇಕು.)

ಇನ್ನು ಶಿವಪುರದ ಬಾವುಟದಲ್ಲಿದ್ದ ಹಸಿರು. ಪ್ರಪಂಚದ ತುಂಬಾ ಎಲೆಗಳಿದ್ದರೂ ಎಲೆಯ ಹಸಿರು ಹತ್ತಿಯ ಮೇಲೆ ಬಾಳೋದಿಲ್ಲ. ಗಿಡದ ಬಣ್ಣಗಳಲ್ಲಿ ಹಸಿರು ಬೇಕಂದ್ರೆ ಪದರ ಕಟ್ಟಬೇಕು: ಮೊದಲು ನೀಲಿ, ಅದರ ಮೇಲೆ ಹಳದಿ. ನೀಲಿ ನೀರಲ್ಲಿ ಕರಗೋದೇ ಇಲ್ಲ. ಸುಣ್ಣ, ಬೆಲ್ಲ ಸೇರಿಸಿ ಅದನ್ನು ಅಪಕರ್ಷಣ ಮಾಡಿದ್ರೆ ಮಾತ್ರ ಕರಗುತ್ತೆ. ಬಟ್ಟೆಯನ್ನು ತೊಟ್ಟಿಯಿಂದ ಎತ್ತಿದಾಗ ಹಳದಿ-ಹಸಿರು, ಗಾಳಿ ತಾಗುತ್ತಾ ತಾಗುತ್ತಾ ನೀಲಿ. ಗಾಢ ಬೇಕಿದ್ರೆ ಮತ್ತೆ ಅದ್ದು, ಮತ್ತೆ ಗಾಳಿಗೆ ಹಿಡಿ. ಉತ್ಕರ್ಷಣ-ಅಪಕರ್ಷಣದ ಸಮೀಕರಣ ಬ್ಯಾಲೆನ್ಸ್ ಮಾಡಿ ಅಂಕ ತಗೊಂಡವರು ಒಮ್ಮೆಯಾದ್ರೂ ಇದನ್ನ ನೋಡಬೇಕು.

ಪದರದ ಮಾತು ಬಂದಾಗ ಕೌದಿಯನ್ನು ಬಿಡೋಕಾಗಲ್ಲ. ಉತ್ತರ ಕರ್ನಾಟಕದ ಗೆಳೆಯರ ಹಾಸಿಗೆ ಮೇಲೆ ನೋಡಿರ್ತೀರಿ. ಹಳೇ ಸೀರೆ, ಪಂಚೆಗಳನ್ನು ಒಂದರ ಮೇಲೊಂದಿಟ್ಟು ಸಾಲುಹೊಲಿಗೆ ಹಾಕಿದ ಹೊದಿಕೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ಇವತ್ತು ಕಲೆ ಅಂತ ಪ್ರದರ್ಶನಕ್ಕಿಡ್ತಾರೆ. ಕಲೆ ಹೌದು. ಆದರೆ ಅದನ್ನು ಹೊಲಿದದ್ದು ಚಳಿಗೆ, ಹೊದ್ದುಕೊಳ್ಳೋಕೆ. ಮಾಸಿದ ಕೆಂಪಿನ ಪಕ್ಕ ಮಾಸದ ನೀಲಿ ಇಟ್ಟಾಗ ಎರಡೂ ಬೇರೆಯಾಗಿ ಕಾಣುತ್ತವೆ ಅನ್ನೋದು ಅವರಿಗೆ ಕೈಯಿಂದ ಗೊತ್ತು. ನಮ್ಮ ಬಾವುಟದ ಪ್ರಯೋಗದಲ್ಲಿ ಕೆಟ್ಟ ತುಂಡುಗಳನ್ನೂ ಎಸೆಯದೆ ಕೌದಿ ಹೊಲಿಯೋಣ ಅಂತೀನಿ. ಯಾವ ತುಂಡಿಗೆ ಎಷ್ಟು ಪಟಿಕ, ಎಷ್ಟು ಹೊತ್ತು ಅಂತ ಮೂಲೆಯಲ್ಲಿ ಬರೆದು ಹೊಲಿದರೆ ಅದೇ ನಮ್ಮ ಲ್ಯಾಬ್ ರೆಕಾರ್ಡ್. ಕಾಪಿ ಹೊಡೆಯೋಕೂ ಆಗಲ್ಲ.

‘ಇದೆಲ್ಲಾ ಹವ್ಯಾಸ, ಇದ್ರಿಂದ ಉದ್ಯಮ ನಡೆಯುತ್ತಾ?’ ಅಂತ ಕೇಳ್ತೀರಿ. ಹೆಗ್ಗೋಡಿನ ಚರಕ ಅಡಿಕೆ ಬೇಯಿಸಿ ಉಳಿದ ಚೊಗರಿನಿಂದ ಬಣ್ಣ ತೆಗೆದು ಕೈಮಗ್ಗದ ಬಟ್ಟೆ ಮಾಡಿ ಮಾರಿ ತೋರಿಸಿದೆ. ಸುಲಭ ಅಂತ ಯಾರೂ ಹೇಳಲ್ಲ. ಸಹಜ ಬಣ್ಣಕ್ಕೂ ನೀರು ಬೇಕು, ಸೌದೆ ಬೇಕು. ತಾಮ್ರ, ಕ್ರೋಮಿಯಂ ಉಪ್ಪು ಬಳಸಿದ್ರೆ ಅದೂ ವಿಷವೇ. ನಮ್ಮ ಫೆಸ್ಟಿನ ಪಾಲಿಯೆಸ್ಟರ್ ಟೀ ಶರ್ಟುಗಳಂತೂ ಇದಕ್ಕೆ ದಕ್ಕೋದಿಲ್ಲ. ಪಾಲಿಯೆಸ್ಟರ್‌ಗೆ ಬಣ್ಣ ಹಿಡಿಸೋಕೆ ಒತ್ತಡದಲ್ಲಿ ಸುಮಾರು 130 ಡಿಗ್ರಿ ಬೇಕು, ಹಾಸ್ಟೆಲ್ ಅಡುಗೆಮನೆಯಲ್ಲಿ ಆಗೋ ಮಾತಲ್ಲ. ಮನೆಯಿಂದ ಒಂದೊಂದು ಹಳೇ ಬಿಳಿ ಪಂಚೆ ತನ್ನಿ.

ಒಂದು ವಿಷಯ ಈಗಲೇ ಹೇಳಿಬಿಡ್ತೀನಿ: ಕೌದಿಗೆ ಕಪ್ಪು ಬೇಕಂದ್ರೆ ಬೆಲ್ಲದ ನೀರಿಗೆ ಎರಡು-ಮೂರು ವಾರವಾದರೂ ಹಿಡಿಯುತ್ತೆ. ನವೆಂಬರ್ 1ಕ್ಕೆ ಬೇಕಿದ್ದರೆ ಅಕ್ಟೋಬರ್ ಮೊದಲ ವಾರವೇ ಡಬ್ಬ ತುಂಬಬೇಕು. ವರ್ಕ್‌ಶಾಪಿನಲ್ಲಿ ಮೊಳೆ ಕೇಳೋ ಕೆಲಸ ನಾನು ಮಾಡ್ತೀನಿ, ಬೆಲ್ಲ ಮಂಡ್ಯದವರು ತನ್ನಿ.