ಒಪ್ಪಿಗೆಯೂ ಹಿಂಸೆಯೇ

ಪೆಸಿಫಿಕ್ ಸಾಗರದ ವನುವಾಟು ದ್ವೀಪರಾಷ್ಟ್ರದಲ್ಲಿ 2019ರಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನೆತ್ತಿದರು. ಕಡಲು ಏರಿ ದ್ವೀಪಗಳನ್ನು ನುಂಗುತ್ತಿದೆ. ಅದಕ್ಕೆ ಕಾರಣವಾದ ಹೊಗೆಯಲ್ಲಿ ಆ ದ್ವೀಪಗಳ ಪಾಲು ಅತ್ಯಲ್ಪ. ಹಾಗಾದರೆ ರಾಷ್ಟ್ರಗಳ ಹೊಣೆಯೇನು? ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವೇ ಉತ್ತರಿಸಲೆಂದು ಅವರು ಪಟ್ಟುಹಿಡಿದರು. ಓದುವ ಮಕ್ಕಳಿಗೆ ಹೋರಾಟವೇಕೆ ಎನ್ನುವ ಹಿರಿಯರು ಎಲ್ಲೆಡೆಯೂ ಇದ್ದಾರೆ. ಈ ಮಕ್ಕಳು ಓದಿದ್ದನ್ನೇ ಅಲ್ಲವೇ ಬಳಸಿದ್ದು?

ಜಿನಧರ್ಮವು ನೆಲ, ಜಲ, ಅಗ್ನಿ, ವಾಯು, ಸಸ್ಯಗಳಲ್ಲಿಯೂ ಜೀವವನ್ನು ಕಾಣುತ್ತದೆ. ತಾನೇ ಮಾಡಿದ ಹಿಂಸೆ ಕೃತ, ಅನ್ಯರಿಂದ ಮಾಡಿಸಿದ್ದು ಕಾರಿತ, ಮಾಡಿದ್ದನ್ನು ಒಪ್ಪಿದ್ದು ಅನುಮತ. ಮೂರರಿಂದಲೂ ಕರ್ಮಾಸ್ರವ ತಪ್ಪದು. ಗೃಹಸ್ಥನು ಸ್ಥಾವರ ಜೀವಿಗಳ ಹಿಂಸೆಯನ್ನು ಪೂರ್ಣವಾಗಿ ತೊರೆಯಲಾರನು, ನಿಜ. ಆದರೆ ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಅನರ್ಥದಂಡವೆಂದು ಅವನಿಗೂ ನಿಷಿದ್ಧ.

ವಿಶ್ವಸಂಸ್ಥೆಯ ಮಹಾಸಭೆ 2023ರ ಮಾರ್ಚ್‌ನಲ್ಲಿ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಪ್ಪಿಸಿತು. 2025ರ ಜುಲೈ 23ರಂದು ಉತ್ತರ ಬಂದಿತು: ಹವಾಮಾನವನ್ನು ರಕ್ಷಿಸದ ರಾಷ್ಟ್ರವು ತಪ್ಪಿತಸ್ಥವಾಗಬಹುದು, ಕಲ್ಲಿದ್ದಲು, ತೈಲಗಳ ಉತ್ಪಾದನೆ, ಬಳಕೆಯಷ್ಟೇ ಅಲ್ಲ, ಅವುಗಳ ಶೋಧಕ್ಕೆ ಪರವಾನಗಿ, ಸಹಾಯಧನ ಕೊಡುವುದೂ ಆ ತಪ್ಪಿನೊಳಗೆ ಬರಬಹುದು. ಪರವಾನಗಿ, ಸಹಾಯಧನ ಎಂದರೆ ಕಾರಿತ, ಅನುಮತಗಳಲ್ಲದೆ ಮತ್ತೇನು?

ಇದು ಬರಿಯ ಸಲಹೆ, ಆಜ್ಞೆಯಲ್ಲ ಎಂದು ಹಗುರವಾಗಿ ಕಾಣುವವರಿದ್ದಾರೆ. ಅಣುವ್ರತಕ್ಕೂ ಪೊಲೀಸರ ಕಾವಲಿಲ್ಲ. ಪ್ರವಚನದಲ್ಲಿ ಯುವಜನರನ್ನು ಕೊಂಡಾಡುವ ಶ್ರಾವಕರು, ಮಗಳ ಮದುವೆಗೆ ಮೂರು ದಿನ ಜನರೇಟರ್ ಉರಿಸುವಾಗ ಪರಿಗ್ರಹ ಪರಿಮಾಣವನ್ನು ನೆನೆಯುವುದು ಅಪರೂಪ.