ಪರಾಗವೂ ಶಾರೀರವೂ

ಮಳೆಗಾಲ ನಡುವಿಗೆ ಬಂದು ಗಣೇಶನ ಹಬ್ಬದ ಕಚೇರಿಗಳು ಸಮೀಪಿಸುತ್ತಿದ್ದಂತೆ ಬೆಂಗಳೂರಿನ ಕೆಲವು ಗಾಯಕರಿಗೆ ಶಾರೀರ ಕೈಕೊಡುವುದುಂಟು. ಜ್ವರವಿಲ್ಲ, ಮೈಕೈ ನೋವಿಲ್ಲ; ಬೆಳಗಾದರೆ ಸಾಲುಸಾಲಾಗಿ ಸೀನು, ಮೂಗಿನಲ್ಲಿ ನೀರು, ಕಣ್ಣಿನಲ್ಲಿ ನವೆ. ನಿನ್ನೆಯವರೆಗೆ ಸಲೀಸಾಗಿ ನಿಲ್ಲುತ್ತಿದ್ದ ತಾರಷಡ್ಜ ಇಂದು ಒಡೆಯುತ್ತದೆ. ಮನೆಯ ಹಿರಿಯರು ತಣ್ಣೀರನ್ನೋ ಮೊಸರನ್ನೋ ದೂರುತ್ತಾರೆ. ಕಾರಣ ಅನೇಕ ವೇಳೆ ಬೀದಿಯಾಚೆಯ ಖಾಲಿ ನಿವೇಶನದಲ್ಲಿರುತ್ತದೆ.

ಅಲ್ಲಿ ಸೊಂಪಾಗಿ ಬೆಳೆದು ಬಿಳಿಯ ಪುಟ್ಟ ಹೂ ಬಿಡುವ ಕಳೆಯೇ ಪಾರ್ಥೇನಿಯಂ. ಜನರ ಬಾಯಲ್ಲಿ ‘ಕಾಂಗ್ರೆಸ್ ಗಿಡ’. ಅಮೆರಿಕ ಖಂಡದ ಉಷ್ಣವಲಯದ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಮುಂದೆ ದೇಶವನ್ನೇ ವ್ಯಾಪಿಸಿತು. ಅದರ ಪರಾಗ ಎಲ್ಲರನ್ನೂ ಬಾಧಿಸದು. ಒಗ್ಗದವರ ಮೂಗಿನ ಒಳಪೊರೆಗೆ ತಗುಲಿದೊಡನೆ, ದೇಹ ಅದನ್ನು ಶತ್ರುವೆಂದು ಬಗೆದು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಹೊರಸೂಸುತ್ತದೆ. ಪೊರೆ ಊದಿ ನೀರು ಒಸರುತ್ತದೆ.

ಪರಾಗದ ಕಣಗಳಲ್ಲಿ ಬಹುಪಾಲು ಮೂಗಿನಲ್ಲೇ ಉಳಿಯುತ್ತವೆ. ಹಾಗಿದ್ದರೆ ಕೆಳಗಿನ ಧ್ವನಿಪೆಟ್ಟಿಗೆಗೆ ಕೇಡು ಹೇಗೆ? ಮೂಗು ಕಟ್ಟಿದವರು ಬಾಯಿಂದ ಉಸಿರೆಳೆಯುತ್ತಾರೆ. ಮೂಗು ತೇವಗೊಳಿಸಿ ಕಳುಹಿಸಬೇಕಾದ ಗಾಳಿ ಒಣಗಾಳಿಯಾಗಿಯೇ ಒಳಸೇರುತ್ತದೆ. ಲೋಳೆ ಮೂಗಿನ ಹಿಂಬದಿಯಿಂದ ಗಂಟಲಿಗಿಳಿಯುತ್ತದೆ. ಅದನ್ನು ಕಳೆಯಲು ಗಳಿಗೆಗೊಮ್ಮೆ ಗಂಟಲು ಕೆರೆದು ಕೆಮ್ಮುತ್ತಾರೆ. ಮಾತನಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಕಂಪಿಸುವ ಕೋಮಲವಾದ ಸ್ವರತಂತುಗಳು ಪ್ರತಿ ಕೆಮ್ಮಿಗೂ ಒಂದಕ್ಕೊಂದು ಬಲವಾಗಿ ಬಡಿದುಕೊಳ್ಳುತ್ತವೆ. ಊದಿಕೊಂಡ ತಂತು ಭಾರವಾಗುತ್ತದೆ. ಶ್ರುತಿ ತಗ್ಗುತ್ತದೆ, ದನಿ ಒರಟಾಗುತ್ತದೆ. ಆ ಊತವೇ ಇನ್ನೂ ಲೋಳೆ ಇದೆಯೆಂಬ ಭ್ರಮೆ ಹುಟ್ಟಿಸುತ್ತದೆ, ಮತ್ತೆ ಕೆಮ್ಮು.

ಹೀಗಾಗಿ ಪರಾಗಕ್ಕಿಂತ ಹೆಚ್ಚಿನ ಕೇಡನ್ನು ಕೆಲವೊಮ್ಮೆ ಗಾಯಕರ ಅವಸರವೇ ಮಾಡುತ್ತದೆ. ಗಂಟಲು ಕೆರೆಯುವ ಬದಲು ಒಂದು ಗುಟುಕು ನೀರು ನುಂಗುವುದು ಲೇಸು. ಪಿಸುಮಾತಿನಿಂದ ಗಂಟಲಿಗೆ ವಿಶ್ರಾಂತಿ ದೊರೆಯುವುದೆಂಬ ನಂಬಿಕೆ ಸರಿಯಲ್ಲ, ಮೌನವೇ ವಿಶ್ರಾಂತಿ. ಹಳೆಯ ಬಗೆಯ ಅಲರ್ಜಿ ಮಾತ್ರೆಗಳು ತೂಕಡಿಕೆ ತರುವುದಲ್ಲದೆ ಗಂಟಲನ್ನೂ ಒಣಗಿಸುತ್ತವೆ. ಆದುದರಿಂದ ಗಾಯಕರೂ ಉಪಾಧ್ಯಾಯರೂ ತಮ್ಮ ಕಸಬನ್ನು ವೈದ್ಯರಿಗೆ ತಿಳಿಸಿಯೇ ಮದ್ದು ಪಡೆಯಬೇಕು. ಮೂರು ವಾರ ಕಳೆದರೂ ಒಡಕು ಹೋಗದಿದ್ದರೆ ತಜ್ಞರಿಂದ ಧ್ವನಿಪೆಟ್ಟಿಗೆಯ ಪರೀಕ್ಷೆ ಆಗಲೇಬೇಕು. ದನಿಯ ಒಡಕೆಲ್ಲ ಪರಾಗದ್ದಲ್ಲ.

ತಪ್ಪಿದ ಕಚೇರಿ ಮುಂದಿನ ವರ್ಷ ಮತ್ತೆ ಬಂದೀತು. ಹಟ ಹಿಡಿದು ಹಾಡಿ ಹಾಡಿ ತಂತುಗಳ ಮೇಲೆ ಗಂಟು ಮೂಡಿದರೆ, ಶಾರೀರ ಮರಳಲು ತಿಂಗಳುಗಳೇ ಬೇಕಾದಾವು.