ಮನೆವಾರ್ತೆ: ಹಿತ್ತಿಲಿನಿಂದ ಎದ್ದು ಬರುವ ಎಲೆಗಳು

ಮಳೆಗಾಲದ ಸಂಜೆಗಳಲ್ಲಿ ಮನೆಯೊಳಗೆ ಕುಳಿತು ಆಡತಕ್ಕ ಆಟಗಳನ್ನು ಕುರಿತು ಬರೆಯಬೇಕೆಂದು ವಾಚಕರಲ್ಲಿ ಕೆಲವರು ನಮ್ಮನ್ನು ಕೇಳುತ್ತಲಿದ್ದರು. ಚೌಕಾಬಾರ, ಅಳಿಗುಳಿಮಣೆ, ಹುಲಿಕುರಿಯಾಟಗಳನ್ನು ಬಲ್ಲವರಿಗೆ ನಾವು ಹೊಸದಾಗಿ ಹೇಳತಕ್ಕದ್ದು ಏನೂ ಇಲ್ಲ. ಆದರೆ ಈ ವರ್ಷ ನಮ್ಮ ಮನೆಯಲ್ಲಿಯೇ ಒಂದು ಹೊಸ ಆಟವು ಬಂದು ನೆಲಸಿ, ಅದರಿಂದ ಒಂದು ಜಗಳವೂ ಒಂದು ಪಾಠವೂ ಹುಟ್ಟಿದುವು. ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇವೆ.

ನಮ್ಮ ಅಕ್ಕನನ್ನು ಅರಕಲಗೂಡಿನ ಕಡೆಗೆ ಕೊಟ್ಟಿದೆ. ಭಾವನವರು ಬೇಸಾಯಗಾರರು. ಅವರ ಮಗನು ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತ ನಮ್ಮ ಮನೆಯಲ್ಲಿಯೇ ಇದ್ದಾನೆ. ಭಾನುವಾರ ಬಂದಿತೆಂದರೆ ಹೊಳೆನರಸೀಪುರದಿಂದ ಒಬ್ಬ, ಚನ್ನರಾಯಪಟ್ಟಣದಿಂದ ಒಬ್ಬ, ಹೀಗೆ ಅವನ ಸಹಪಾಠಿಗಳು ಬಸ್ಸು ಹತ್ತಿ ಬರುವರು. ಹಜಾರದಲ್ಲಿ ಚಾಪೆ ಹಾಸಿ ಬಣ್ಣಬಣ್ಣದ ಚಿತ್ರಗಳುಳ್ಳ ಎಲೆಗಳನ್ನು ಹರಡುವರು. ಅಳತೆಯಲ್ಲಿ ಅವು ಇಸ್ಪೀಟಿನ ಎಲೆಗಳಂತೆಯೇ ಇವೆ. ಆದರೆ ರಾಜರಾಣಿಯರ ಬದಲಿಗೆ ರಾಕ್ಷಸರು, ಮಂತ್ರವಾದಿಗಳು, ಭೂಮಿಗಳು. ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ಇದನ್ನು ನಿರ್ಮಿಸಿದರು.

ಒಂದು ಸಂಜೆ ಹುಡುಗನು, “ಇಗೋ, ನನ್ನ ರಾಕ್ಷಸ ಸ್ಮಶಾನಕ್ಕೆ ಹೋದ!” ಎಂದು ಹರ್ಷದಿಂದ ಕೂಗಿದನು. ದೇವರ ಮುಂದೆ ದೀಪ ಹಚ್ಚುತ್ತಿದ್ದ ನಮ್ಮ ತಾಯಿಯವರು ಬೆಚ್ಚಿ ಹೊರಕ್ಕೆ ಬಂದರು.

“ದೀಪ ಹಚ್ಚೋ ಹೊತ್ತಿನಲ್ಲಿ ಮನೆಯೊಳಗೆ ಸ್ಮಶಾನದ ಮಾತೇನೋ?”

“ಅಜ್ಜೀ, ಆಟದಲ್ಲಿ ಸತ್ತ ಎಲೆ, ಎಸೆದ ಎಲೆ ಎಲ್ಲವೂ ಹೋಗಿ ಬೀಳುವ ಜಾಗಕ್ಕೆ ಹಾಗೆ ಹೆಸರು.”

“ಹೆಸರು ಯಾರಿಟ್ಟರೇನು? ಹಿತ್ತಿಲು ಅನ್ನಿ. ನಾವು ಚೌಕಾಬಾರದಲ್ಲಿ ಕಡಿದ ಕಾಯಿ ಮತ್ತೆ ಹುಟ್ಟುತ್ತಿರಲಿಲ್ಲವೇ? ಅದಕ್ಕೆ ಸ್ಮಶಾನ ಅಂತೇನೂ ಹೇಳಲಿಲ್ಲ.”

ಅಂದಿನಿಂದ ನಮ್ಮ ಹಜಾರದಲ್ಲಿ ಆ ಸ್ಥಳಕ್ಕೆ ಹಿತ್ತಿಲೆಂದೇ ಹೆಸರಾಯಿತು. ಈ ಲೇಖನದಲ್ಲಿಯೂ ನಾವು ಅದನ್ನೇ ಬಳಸುತ್ತೇವೆ.

ಆಟದ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ: ಆಟಗಾರನೊಬ್ಬನಿಗೆ ಕಡಮೆಯೆಂದರೆ 60 ಎಲೆಗಳ ಒಂದು ಕಟ್ಟು. ಇಸ್ಪೀಟಿನಲ್ಲಿ ಕಟ್ಟು ಎಲ್ಲರಿಗೂ ಒಂದೇ. ಇಲ್ಲಿ ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಆರಿಸಿ ಕಟ್ಟಿಕೊಂಡು ಬರತಕ್ಕದ್ದು. ಸಾಧಾರಣ ಭೂಮಿಗಳ ಹೊರತು ಯಾವ ಎಲೆಯನ್ನೂ ನಾಲ್ಕಕ್ಕಿಂತ ಹೆಚ್ಚು ಇಡಕೂಡದು. ಇಬ್ಬರಿಗೂ 20 ಪ್ರಾಣ. ಎದುರಾಳಿಯ ಪ್ರಾಣವನ್ನು ಸೊನ್ನೆಗೆ ಇಳಿಸಿದವನು ಗೆದ್ದಂತೆ. ಮೊದಲಲ್ಲಿ ಕೈಗೆ 7 ಎಲೆ. ಆ ಮೇಲೆ ಸರದಿಗೊಂದು ಎಲೆಯನ್ನು ಎಳೆದುಕೊಳ್ಳುವುದು, ಸರದಿಗೊಂದು ಭೂಮಿಯನ್ನು ನೆಲಕ್ಕಿಡುವುದು. ಒಂದೊಂದು ಭೂಮಿಯೂ ಸರದಿಗೆ ಒಂದು ಪಾಲು ಶಕ್ತಿಯನ್ನು ಕೊಡುವುದು. ಆ ಶಕ್ತಿಯನ್ನು ವೆಚ್ಚಮಾಡಿ ರಾಕ್ಷಸರನ್ನೂ ಮಂತ್ರಗಳನ್ನೂ ಹೊರಡಿಸಬೇಕು.

ಇಲ್ಲಿಯೇ ಕಷ್ಟವಿರುವುದು. ಗ್ರಿಸೆಲ್‌ಬ್ರಾಂಡ್ ಎಂಬ ರಾಕ್ಷಸನಿದ್ದಾನೆ. ಅವನನ್ನು ಕೈಯಿಂದ ಇಳಿಸಲು 8 ಪಾಲು ಶಕ್ತಿ ಬೇಕು. ಸರದಿಗೊಂದೇ ಭೂಮಿಯಾದುದರಿಂದ ಬೇರೆ ನೆರವಿಲ್ಲದಿದ್ದರೆ ಅವನು ಬರುವುದು ಎಂಟನೆಯ ಸರದಿಗೆ. ಅಷ್ಟರಲ್ಲಿ ಆಟವೇ ಮುಗಿದಿರಬಹುದು. ಹಿತ್ತಿಲಿನ ಕಟ್ಟನ್ನು ಕಟ್ಟುವವನು ಈ ಕಷ್ಟಕ್ಕೆ ಒಳದಾರಿಯನ್ನು ಹುಡುಕುತ್ತಾನೆ. ‘ಎನ್‌ಟೂಂಬ್’ ಎಂಬ ಎಲೆಗೆ ಬೇಕಾದ ಶಕ್ತಿ ಒಂದೇ ಪಾಲು. ಅದು ಕಟ್ಟಿನೊಳಗಿಂದ ಬೇಕಾದ ಎಲೆಯನ್ನು ಹುಡುಕಿ ನೇರವಾಗಿ ಹಿತ್ತಿಲಿಗೆ ಹಾಕಿಸುವುದು. ‘ರೀಆನಿಮೇಟ್’ ಎಂಬುದಕ್ಕೂ ಒಂದೇ ಪಾಲು. ಅದು ಹಿತ್ತಿಲಲ್ಲಿ ಬಿದ್ದ ಜೀವಿಯನ್ನು ರಣರಂಗಕ್ಕೆ ಎಬ್ಬಿಸಿ ತರುವುದು. ಎಬ್ಬಿಸಿದ ಜೀವಿಯ ಬೆಲೆಯಷ್ಟು ಪ್ರಾಣವನ್ನು ಮಾತ್ರ ತೆರಬೇಕು. ಎಂಟನೆಯ ಸರದಿಯ ರಾಕ್ಷಸನು ಎರಡನೆಯ ಸರದಿಗೇ ಎದ್ದು ನಿಲ್ಲುತ್ತಾನೆ. ದೇವಾಸುರ ಯುದ್ಧದಲ್ಲಿ ಶುಕ್ರಾಚಾರ್ಯರು ಮೃತಸಂಜೀವಿನಿಯಿಂದ ಮಾಡುತ್ತಿದ್ದುದೂ ಇದನ್ನೇ ಅಲ್ಲವೇ? ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆ ಈ ಆಟದಲ್ಲಿ ನಡೆಯುವುದಿಲ್ಲ.

ಆದರೆ ಎಸೆಯುವ ಎಲೆ, ಎಬ್ಬಿಸುವ ಎಲೆ, ಎರಡೂ ಒಟ್ಟಿಗೆ ಕೈಗೆ ಬರಬೇಕಷ್ಟೆ. ಇಲ್ಲಿ ಹುಡುಗನ ಲೆಕ್ಕವು ನಮಗೆ ಮೆಚ್ಚಿಗೆಯಾಯಿತು. 60ರ ಕಟ್ಟಿನಲ್ಲಿ ಒಂದು ಎಲೆಯ 4 ಪ್ರತಿಗಳಿದ್ದರೆ, ಮೊದಲ 7ರಲ್ಲಿ ಅದು ಒಂದಾದರೂ ಬರುವ ಸಂಭವ 100ಕ್ಕೆ 40. ಅದೇ ಕೆಲಸವನ್ನು ಮಾಡುವ ಎಲೆಗಳು 8 ಇದ್ದರೆ 65. 12 ಇದ್ದರೆ 81. ಆದುದರಿಂದ ಅವನು ಎನ್‌ಟೂಂಬಿನ ಜೊತೆಗೆ, ಎರಡು ಎಲೆ ಎಳೆದು ಎರಡನ್ನು ಎಸೆಯಗೊಡುವ ‘ಕೇರ್‌ಫುಲ್ ಸ್ಟಡಿ’ಯನ್ನು ಸೇರಿಸಿ ಎಸೆಯುವವನ್ನು 8 ಮಾಡಿಕೊಂಡನು. ರೀಆನಿಮೇಟಿನ ಜೊತೆಗೆ ‘ಅನಿಮೇಟ್ ಡೆಡ್’, ‘ಎಗ್ಜ್ಯೂಮ್’ ಎಂಬವುಗಳನ್ನು ಸೇರಿಸಿ ಎಬ್ಬಿಸುವವನ್ನು 12 ಮಾಡಿಕೊಂಡನು. ಎರಡು ಬಗೆಯೂ ಮೊದಲ 7ರಲ್ಲಿಯೇ ಕೂಡಿ ಬರುವ ಸಂಭವ ಆಗಲೂ 100ಕ್ಕೆ 51 ಮಾತ್ರ. ಕೈ ಚೆನ್ನಾಗಿಲ್ಲದಿದ್ದರೆ ಎಲ್ಲವನ್ನೂ ಕಲಸಿ ಮತ್ತೆ 7 ಎಳೆಯಬಹುದು. 2019ರಲ್ಲಿ ಬಂದ ನಿಯಮದಂತೆ, ಮೊದಲ ಸಲ ಹಾಗೆ ಮಾಡಿದವನು ಒಂದು ಎಲೆಯನ್ನು ಕಟ್ಟಿನ ತಳಕ್ಕೆ ಸೇರಿಸಬೇಕು. ಉಳಿದಂತೆ ಭೂಮಿ 16, ಒಂದು ಪಾಲು ಶಕ್ತಿಯನ್ನು ಮೂರು ಮಾಡುವ ‘ಡಾರ್ಕ್ ರಿಚುಯಲ್’ 4, ರಾಕ್ಷಸರು 6, ಎದುರಾಳಿಯ ಕೈಯನ್ನು ನೋಡಿ ಅದರಿಂದ ಒಂದನ್ನು ಎಸೆಯಿಸುವ ಎಲೆ 8, ಒಳ್ಳೆಯ ಎಲೆಯನ್ನು ಹುಡುಕಿ ಕೊಡುವವು 6. ಒಟ್ಟು 60.

ಹೀಗಿರುವಲ್ಲಿ ಭಾವನವರು ಜಲಂಧರದ ಬಿತ್ತನೆ ಆಲೂಗಡ್ಡೆಯನ್ನು ಕೊಳ್ಳಲು ಹಾಸನದ ಮಾರುಕಟ್ಟೆಗೆ ಬಂದವರು, ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೆ ಬಂದರು. ಮಗನು ಎರಡು ವಿಷಯಗಳಲ್ಲಿ ತೇರ್ಗಡೆಯಾಗಿಲ್ಲವೆಂಬುದು ಅವರಿಗೆ ಹಿಂದಿನ ವಾರವಷ್ಟೇ ತಿಳಿದಿತ್ತು. ಹಜಾರದಲ್ಲಿ ಎಲೆಗಳು ಹರಡಿರುವುದನ್ನು ಕಂಡು ಅವರ ಮುಖ ಕಪ್ಪಿಟ್ಟಿತು.

“ಓದಲಿ ಅಂತ ನಿಮ್ಮ ಮನೆಯಲ್ಲಿ ಬಿಟ್ಟೆ. ಇಲ್ಲಿ ಇಸ್ಪೀಟಿನ ಅಡ್ಡೆಯೇ ನಡೆದಿದೆಯಲ್ಲ! ಎತ್ತಿ ಒಲೆಗೆ ಹಾಕೋ ಮೊದಲು.”

ಹುಡುಗನು ಮಾತಾಡಲಿಲ್ಲ, ಎಲೆಗಳನ್ನು ಕೂಡಿಸತೊಡಗಿದನು. ಅವನ ಕೈ ನಡುಗುತ್ತಿತ್ತು. ನಾವು ನಡುವೆ ಬಂದು, ಇದರಲ್ಲಿ ಪಣವೊಡ್ಡುವುದಿಲ್ಲವೆಂದೆವು. ಜಾಣ್ಮೆಯ ಎಲೆಯಾಟವು ನಮ್ಮ ನಾಡಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 360 ಎಲೆಗಳವರೆಗಿನ ಕಟ್ಟುಗಳ ಆಟಗಳನ್ನು ಕಲ್ಪಿಸಿ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಸೇರಿಸಿದ್ದಾರೆಂದೂ ಹೇಳಿದೆವು. ರಮ್ಮಿಯಾಟವು ಮುಖ್ಯವಾಗಿ ಕೌಶಲದ್ದೆಂದು ಸರ್ವೋಚ್ಚ ನ್ಯಾಯಾಲಯವೇ 1967ರಲ್ಲಿ ತೀರ್ಪಿತ್ತುದನ್ನೂ ನೆನಪಿಸಿದೆವು. ಭಾವನವರು, “ಮಹಾರಾಜರಿಗೆ ಪರೀಕ್ಷೆಯಿರಲಿಲ್ಲ” ಎಂದಷ್ಟೇ ಅಂದರು. ಆದರೂ ಊಟವಾದ ಮೇಲೆ, ಒಂದೆರಡು ಆಟವನ್ನು ನೋಡಿ ಆ ಮೇಲೆ ಒಲೆಯ ಮಾತನ್ನಾಡೋಣವೆಂಬುದಕ್ಕೆ ಒಪ್ಪಿದರು.

ಹೊಳೆನರಸೀಪುರದ ಹುಡುಗನೇ ಎದುರಾಳಿ. ಮೊದಲನೆಯ ಆಟದಲ್ಲಿ ಎಲ್ಲವೂ ಲೆಕ್ಕದಂತೆಯೇ ನಡೆಯಿತು. ಮೊದಲ ಸರದಿಗೆ ರಾಕ್ಷಸನು ಹಿತ್ತಿಲಿಗೆ ಬಿದ್ದನು. ಎರಡನೆಯ ಸರದಿಗೆ, 8 ಪ್ರಾಣ ತೆತ್ತು, ಎದ್ದನು. ಏಳೇಳರ ಮೂರು ಪೆಟ್ಟಿಗೆ, ಐದನೆಯ ಸರದಿಯಲ್ಲಿ, ಆಟ ಮುಗಿಯಿತು. ಭಾವನವರು ಹುಬ್ಬೇರಿಸಿದರು.

ಒಂದಾಟ ಮುಗಿದ ಮೇಲೆ, ಬೇರೆ ತೆಗೆದಿಟ್ಟ 15 ಎಲೆಗಳೊಳಗಿಂದ ಬೇಕಾದುದನ್ನು ಬದಲಿಸಿಕೊಳ್ಳಲು ಈ ಆಟದಲ್ಲಿ ಅವಕಾಶವಿದೆ. ಹೊಳೆನರಸೀಪುರದವನು ಸದ್ದಿಲ್ಲದೆ ‘ಟಾರ್ಮಾಡ್ಸ್ ಕ್ರಿಪ್ಟ್’ ಎಂಬುದನ್ನು ಸೇರಿಸಿಕೊಂಡನು. 1994ರಷ್ಟು ಹಳೆಯದಾದ ಈ ಎಲೆಗೆ ಶಕ್ತಿಯ ವೆಚ್ಚವೇ ಇಲ್ಲ. ಒಮ್ಮೆ ಬಳಸಿದರೆ ಎದುರಾಳಿಯ ಹಿತ್ತಿಲೆಲ್ಲ ಗುಡಿಸಿಹೋಗಿ, ಅಲ್ಲಿದ್ದವು ಆ ಆಟಕ್ಕೆ ಮತ್ತೆ ದೊರೆಯದಂತಾಗುವುವು. ರಕ್ತಬೀಜನ ನೆತ್ತರು ನೆಲಕ್ಕೆ ಬೀಳುವ ಮೊದಲೇ ಚಾಮುಂಡಿ ಕುಡಿದಂತೆ! ನಮ್ಮ ಹುಡುಗನು ರೀಆನಿಮೇಟನ್ನು ಇಟ್ಟೊಡನೆ ಅವನು ಹಿತ್ತಿಲನ್ನು ಬರಿದು ಮಾಡಿದನು. ಆ ಮೇಲೆ ಇವನ ಕೈಯಲ್ಲಿ ಇಬ್ಬರು ರಾಕ್ಷಸರು, ನೆಲದ ಮೇಲೆ ಮೂರೇ ಭೂಮಿ. ಎಸೆಯುವ ಎಲೆ ಮತ್ತೆ ಬರಲಿಲ್ಲ. ಎದುರಾಳಿಯ ಸಣ್ಣಪುಟ್ಟ ಜೀವಿಗಳು ಎರಡೆರಡಾಗಿ ಇವನ 20 ಪ್ರಾಣವನ್ನೂ ಕಿತ್ತುಕೊಂಡುವು.

ಭಾವನವರು ಬಹಳ ಹೊತ್ತು ಚಾಪೆಯನ್ನೇ ನೋಡುತ್ತಿದ್ದು, ಮೆಲ್ಲಗೆ ಕೇಳಿದರು: “ಅಷ್ಟೇನೋ? ಜೊತೆಗೆ ಇನ್ನೊಂದು ಬೆಳೆ ಹಾಕಿರಲಿಲ್ಲವೇ?”

“ಇಲ್ಲಪ್ಪ. ಎಲ್ಲವೂ ಹಿತ್ತಿಲನ್ನೇ ನಂಬಿದ ಎಲೆಗಳು.”

“ನಾನೂ ಹಾಗೇ ಮಾಡಿದ್ದೆ ಕಣೋ. ಆಗ ನೀನು ಚಿಕ್ಕವನು. ಇದ್ದ ನೆಲಕ್ಕೆಲ್ಲ ಆಲೂಗಡ್ಡೆಯನ್ನೇ ಹಾಕಿದೆ. ಗಡ್ಡೆಯೂ ಅಷ್ಟೆ, ಹೂತರೆ ಒಂದಕ್ಕೆ ಹತ್ತಾಗಿ ಏಳುತ್ತದೆ. ಆದರೆ ಮೋಡ ಕವಿದು ಅಂಗಮಾರಿ ಬಿತ್ತು. ವಾರದೊಳಗೆ ಹೊಲವೆಲ್ಲ ಕರಕಲು. ಮರುವರ್ಷದಿಂದ ಅರ್ಧಕ್ಕೆ ಜೋಳ ಹಾಕುತ್ತ ಬಂದೆ. ಲಾಭ ಕಡಮೆಯೇ. ಆದರೆ ಒಂದು ಹೋದರೆ ಇನ್ನೊಂದಿರುತ್ತದೆ.”

ಆ ನಷ್ಟದ ವಿಚಾರವು ನಮಗೆ ಅಕ್ಕನಿಂದ ತಿಳಿದಿತ್ತು; ಮಗನಿಗೆ ಅವರು ಅದನ್ನು ಹೇಳಿದುದು ಅದೇ ಮೊದಲು. ಹುಡುಗನು ತಂದೆಯ ಮುಖವನ್ನು ನೋಡಿದನು. ಬಳಿಕ ಹುಡುಕಿ ಕೊಡುವ 6 ಎಲೆಗಳಲ್ಲಿ 4ನ್ನು ತೆಗೆದು, ‘ಷೋ ಅಂಡ್ ಟೆಲ್’ ಎಂಬುದನ್ನು ಸೇರಿಸಿದನು. ಮೂರು ಪಾಲು ಶಕ್ತಿಗೆ ಅದು ಕೈಯಲ್ಲಿರುವ ರಾಕ್ಷಸನನ್ನು ಹಿತ್ತಿಲಿನ ಹಂಗಿಲ್ಲದೆ ಇಳಿಸುವುದು. ಎದುರಾಳಿಯೂ ತನ್ನ ಕೈಯಿಂದ ಒಂದನ್ನು ಇಳಿಸಬಹುದೆಂಬುದೇ ಅದರ ಕೊರತೆ. ಲಾಭ ಕಡಮೆ, ಆದರೆ ಇನ್ನೊಂದು ದಾರಿ.

ಹೊರಡುವಾಗ ಭಾವನವರು ಚಪ್ಪಲಿ ಮೆಟ್ಟುತ್ತ, “ಎಲ್ಲ ಸರಿಯಪ್ಪ. ಆ ಎರಡು ವಿಷಯ ಇನ್ನೂ ಹಿತ್ತಿಲಲ್ಲೇ ಬಿದ್ದಿವೆಯಲ್ಲ, ಅವನ್ನು ಯಾವಾಗ ಎಬ್ಬಿಸುತ್ತೀಯ?” ಎಂದರು. ಒಲೆಯ ಮಾತನ್ನು ಮತ್ತೆ ಎತ್ತಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಆಟವು ಭಾನುವಾರದ ಎರಡು ತಾಸು ಮಾತ್ರವೆಂದು ಹುಡುಗನು ತಾನಾಗಿಯೇ ಹೇಳಿದನು.

ಮಕ್ಕಳು ಈ ಆಟವನ್ನು ಕೇಳಿದಲ್ಲಿ ಗೃಹಸ್ಥರು ಗಮನಿಸಬೇಕಾದ ಕೆಲವು ಮಾತುಗಳಿವೆ. ಹಳೆಯ ಎಲೆಗಳಿಗೆ ಬೆಲೆ ಹೆಚ್ಚು. ಆದುದರಿಂದ ಮೊದಲು ಕಾಗದದ ಚೂರುಗಳ ಮೇಲೆ ಎಲೆಯ ಹೆಸರನ್ನೂ ಗುಣವನ್ನೂ ಬರೆದು, ಹಳೆಯ ಇಸ್ಪೀಟಿನ ಎಲೆಗಳೊಡನೆ ಪ್ಲಾಸ್ಟಿಕ್ ಚೀಲಗಳಲ್ಲಿಟ್ಟು ತಿಂಗಳ ಕಾಲ ಆಡಿಸಿರಿ. ನಮ್ಮ ಹುಡುಗನ ಕಟ್ಟಿನಲ್ಲಿಯೂ ಅರ್ಧಕ್ಕೆ ಮೇಲು ಇಂಥವೇ. ಅಧಿಕೃತ ಪಂದ್ಯಗಳಲ್ಲಿ ಮಾತ್ರ ಇವು ನಡೆಯವು. ಪಂದ್ಯಪಂದ್ಯಕ್ಕೂ ನಿಷಿದ್ಧವಾದ ಎಲೆಗಳ ಪಟ್ಟಿಯುಂಟು, ಅದು ಕಾಲಕಾಲಕ್ಕೆ ಬದಲಾಗುವುದು. ಅದನ್ನು ನೋಡದೆ ದುಡ್ಡು ಹಾಕಬೇಡಿರಿ. ಒಳಗೇನಿದೆಯೆಂದು ಕಾಣದ ಮುಚ್ಚಿದ ಪೊಟ್ಟಣಗಳನ್ನು ಒಂದರ ಮೇಲೊಂದು ಕೊಳ್ಳುವುದರಲ್ಲಿ ಜೂಜಿನ ವಾಸನೆಯಿದೆ. ಬೇಕಾದ ಎಲೆಯನ್ನೇ ಬಿಡಿಯಾಗಿ ಕೊಳ್ಳುವುದು ಮೇಲು. ಎಲ್ಲಕ್ಕಿಂತ ಮಿಗಿಲಾಗಿ, ಒಲೆಗೆ ಹಾಕುವ ಮೊದಲು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿರಿ.

ಹುಡುಗನು ಆ ಎರಡು ವಿಷಯಗಳನ್ನೂ ಮತ್ತೆ ಬರೆದಿದ್ದಾನೆ. ಫಲಿತಾಂಶ ಇನ್ನೂ ಬಂದಿಲ್ಲ. ಪ್ರತಿ ಭಾನುವಾರವೂ ಅರಕಲಗೂಡಿನಿಂದ ದೂರವಾಣಿ ಬರುತ್ತದೆ, ಭಾವನವರು ಮೊದಲು ಪರೀಕ್ಷೆಯನ್ನು ವಿಚಾರಿಸುವರು, ಆ ಮೇಲೆ ಸ್ವಲ್ಪ ತಡೆದು, “ಹೊಳೆನರಸೀಪುರದವನ ಮೇಲೆ ಗೆದ್ದೆಯೇನೋ?” ಎಂದು ಕೇಳುವರು.